ಮೀನುಗಳ ಜೈವಿಕ ಗಡಿಯಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಮೀನು ಸಾಕುವವರು, ಜೀವಶಾಸ್ತ್ರ ಓದುವವರು, ಸುಮ್ನೆ ಕುತೂಹಲಕ್ಕೆ ಕೇಳುವವರು, ಎಲ್ಲರ ಪ್ರಶ್ನೆಯೂ ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುತ್ತದೆ. ಮೀನಿಗೆ ಹೊತ್ತು ಗೊತ್ತಾಗುತ್ತಾ? ಗೊತ್ತಾಗುತ್ತದೆ. ಅದೂ ಬರೀ ಕಣ್ಣಿನಿಂದಲ್ಲ, ಮೈಯೆಲ್ಲದರಿಂದ. ಈ ಒಂದು ಮಾತು ಅರ್ಥವಾದರೆ ತೊಟ್ಟಿಯ ಲೈಟು, ತಿಂಡಿಯ ಹೊತ್ತು, ಮೊಟ್ಟೆ ಇಡುವ ಹೊತ್ತು, ಎಲ್ಲವನ್ನೂ ಬೇರೆ ರೀತಿ ನೋಡಲು ಶುರು ಮಾಡುತ್ತೀರಿ.

ಬೆಳಕಾದರೆ ಮೀನು ಓಡಾಡುತ್ತೆ, ಕತ್ತಲಾದರೆ ಸುಮ್ಮನಾಗುತ್ತೆ. ಇಷ್ಟಕ್ಕೆ ಗಡಿಯಾರ ಅನ್ನೋ ದೊಡ್ಡ ಮಾತು ಯಾಕೆ?

ಅಷ್ಟೇ ಆಗಿದ್ದರೆ ಬೇಕಿರಲಿಲ್ಲ. ಪರೀಕ್ಷೆ ಮಾಡುವುದು ಹೀಗೆ: ಮೀನನ್ನು ದಿನಗಟ್ಟಲೆ ಪೂರ್ತಿ ಕತ್ತಲಲ್ಲೋ ಅಥವಾ ಬದಲಾಗದ ಮಂದ ಬೆಳಕಲ್ಲೋ ಇಡುತ್ತಾರೆ. ನೀರಿನ ಬಿಸಿಯೂ ಬದಲಾಗಬಾರದು, ತಿಂಡಿಗೂ ಹೊತ್ತು ಅಂತ ಇರಬಾರದು. ಹೊರಗಿನಿಂದ ಹೊತ್ತು ಹೇಳುವವರೇ ಇಲ್ಲದ ಹಾಗೆ. ಆಗಲೂ ಜೀಬ್ರಾಫಿಶ್ (ಪ್ರಯೋಗಾಲಯಗಳಲ್ಲಿ ಬಳಸುವ ಪಟ್ಟೆಯ ಪುಟ್ಟ ಮೀನು) ಮರಿಗಳು ಒಂದಷ್ಟು ಗಂಟೆ ಚುರುಕಾಗಿ, ಒಂದಷ್ಟು ಗಂಟೆ ತಣ್ಣಗೆ, ಮತ್ತೆ ಚುರುಕಾಗಿ, ಹೀಗೆ ಸುತ್ತು ಹಾಕುತ್ತಲೇ ಇರುತ್ತವೆ. ಒಂದು ಸುತ್ತಿಗೆ 25 ಗಂಟೆಯ ಆಸುಪಾಸು. 24ಕ್ಕೆ ಸರಿಯಾಗಿ ಬರದೇ ಸ್ವಲ್ಪ ಆಚೀಚೆ ಆಗುವುದೇ ಇಲ್ಲಿ ಮುಖ್ಯ ಸಾಕ್ಷಿ. ಹೊರಗಿನ ಯಾವುದೋ ಗುಟ್ಟಾದ ಸುಳಿವನ್ನು ಹಿಡಿದಿದ್ದರೆ ಕರಾರುವಾಕ್ಕಾಗಿ 24 ಗಂಟೆ ಬರಬೇಕಿತ್ತು. ಆಚೀಚೆ ಆಗುತ್ತದೆ ಅಂದರೆ ಗಡಿಯಾರ ಒಳಗೇ ಇದೆ, ದಿನವೂ ಬೆಳಕು ಬಂದು ಅದನ್ನು ಸರಿ ಮಾಡುತ್ತಿದೆ ಅಷ್ಟೇ.

ಇನ್ನೊಂದು ವಿಷಯ. ಗಡಿಯಾರ ಇರುವ ಪ್ರಾಣಿ ಬೆಳಕು ಬಂದ ಮೇಲೆ ತಯಾರಾಗುವುದಿಲ್ಲ, ಬರುವ ಮೊದಲೇ ತಯಾರಾಗಿರುತ್ತದೆ. ಕೆಳಗಿನ ಹಲವು ಉತ್ತರಗಳಲ್ಲಿ ಈ 'ಮೊದಲೇ' ಅನ್ನುವುದು ಬರುತ್ತಲೇ ಇರುತ್ತದೆ.

ಜೀವಕೋಶದ ಒಳಗೆ ಅದು ನಡೆಯುವುದು ಹೇಗೆ?

ಚಿಕ್ಕದಾಗಿ ಹೇಳುತ್ತೇನೆ. ಕ್ಲಾಕ್ ಮತ್ತು ಬಿಮಾಲ್ ಅನ್ನುವ ಎರಡು ಪ್ರೋಟೀನುಗಳು ಜೋಡಿಯಾಗಿ ಪರ್ ಮತ್ತು ಕ್ರೈ ಅನ್ನುವ ಜೀನುಗಳನ್ನು ಚಾಲೂ ಮಾಡುತ್ತವೆ. ಆ ಜೀನುಗಳಿಂದ ಪರ್, ಕ್ರೈ ಪ್ರೋಟೀನುಗಳು ತಯಾರಾಗಿ ನಿಧಾನಕ್ಕೆ ಜಮಾ ಆಗುತ್ತವೆ. ಸಾಕಷ್ಟು ಜಮಾ ಆದಾಗ ವಾಪಸ್ ಬಂದು ಅದೇ ಕ್ಲಾಕ್-ಬಿಮಾಲ್ ಜೋಡಿಯ ಕೆಲಸವನ್ನು ತಡೆಯುತ್ತವೆ. ಉತ್ಪಾದನೆ ನಿಲ್ಲುತ್ತದೆ, ಇದ್ದ ಪ್ರೋಟೀನು ಕರಗುತ್ತಾ ಹೋಗುತ್ತದೆ, ತಡೆ ಹೋಗುತ್ತದೆ, ಮತ್ತೆ ಮೊದಲಿನಿಂದ ಶುರು. ಈ ಒಂದು ಸುತ್ತಿಗೆ ಸುಮಾರು ಒಂದು ದಿನ ಹಿಡಿಯುತ್ತದೆ. ಹಣ್ಣುನೊಣದಲ್ಲಿ ಈ ಬಗೆಯ ಸುತ್ತನ್ನು ಬಿಡಿಸಿ ತೋರಿಸಿದ್ದಕ್ಕೆ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಷ್, ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು.

ಮೀನಿನಲ್ಲಿ ವಿಶೇಷ ಏನೆಂದರೆ ಈ ಜೀನುಗಳ ಪ್ರತಿಗಳು ಜಾಸ್ತಿ. ಮೂಳೆಮೀನುಗಳ ಪೂರ್ವಜರಲ್ಲಿ, 30 ಕೋಟಿ ವರ್ಷಕ್ಕೂ ಹಿಂದೆ, ಇಡೀ ಜೀನೋಮ್, ಅಂದರೆ ಎಲ್ಲ ಜೀನುಗಳ ಕಟ್ಟು, ಒಮ್ಮೆ ದುಪ್ಪಟ್ಟಾಯಿತು. ಆಮೇಲೆ ಕೆಲವು ಪ್ರತಿ ಕಳೆದುಹೋದವು, ಕೆಲವು ಉಳಿದು ಬೇರೆ ಕೆಲಸ ಹಿಡಿದವು. ಜೀಬ್ರಾಫಿಶ್‌ನಲ್ಲಿ ಒಂದು ಕ್ರೈ ಪ್ರತಿ ಮತ್ತು ಪರ್2 ಜೀನು ಬೆಳಕು ಬಿದ್ದ ಕೂಡಲೇ ಹೆಚ್ಚಾಗುತ್ತವೆ. ಗಡಿಯಾರದ ಮುಳ್ಳನ್ನು ಬೆಳಗಿಗೆ ತಂದು ನಿಲ್ಲಿಸುವ ಕೆಲಸ ಮುಖ್ಯವಾಗಿ ಇವುಗಳದ್ದು.

ಗಡಿಯಾರ ಮೀನಿನ ಮೈಯಲ್ಲಿ ಎಲ್ಲಿದೆ? ಮಿದುಳಿನಲ್ಲಾ?

ಇಡೀ ವಿಷಯದಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ಪ್ರಶ್ನೆ ಇದು, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ನಮ್ಮಂಥ ಸಸ್ತನಿಗಳಲ್ಲಿ ಲೆಕ್ಕ ಸರಳ. ಕಣ್ಣಿನಿಂದ ಬೆಳಕಿನ ಸುದ್ದಿ ಮಿದುಳಿನ ಒಂದು ಪುಟ್ಟ ಭಾಗಕ್ಕೆ ಹೋಗುತ್ತದೆ, ಆ ಭಾಗ ಯಕೃತ್ತು, ಹೃದಯ, ಮೂತ್ರಪಿಂಡ ಎಲ್ಲಕ್ಕೂ ಹೊತ್ತು ತಿಳಿಸುತ್ತದೆ. ಯಕೃತ್ತಿಗೆ ಅದರದ್ದೇ ಗಡಿಯಾರ ಇದ್ದರೂ ಅದು ಬೆಳಕನ್ನು ಕಾಣಲಾರದು, ಮೇಲಿನ ಆಜ್ಞೆಗೆ ಕಾಯಬೇಕು. ಮೀನಿನಲ್ಲೂ ಹೀಗೇ ಇರಬಹುದು ಅಂತ ಅಂದುಕೊಂಡಿದ್ದರು. ಡೇವಿಡ್ ವಿಟ್ಮೋರ್, ನಿಕೋಲಸ್ ಫೋಕ್ಸ್, ಪಾವೊಲೊ ಸಸ್ಸೋನ್-ಕೊರ್ಸಿ ಇವರೆಲ್ಲ ಸೇರಿ ಜೀಬ್ರಾಫಿಶ್‌ನ ಹೃದಯ, ಮೂತ್ರಪಿಂಡಗಳನ್ನು ಹೊರತೆಗೆದು ತಟ್ಟೆಯಲ್ಲಿ ಪೋಷಿಸಿ ನೋಡಿದರು. ಅವು ತಮ್ಮಷ್ಟಕ್ಕೆ ಲಯ ಉಳಿಸಿಕೊಂಡಿದ್ದವು. ಇದು 1998ರಲ್ಲಿ ಪ್ರಕಟವಾಯಿತು. 2000ದಲ್ಲಿ ಬಂದದ್ದು ಇನ್ನೂ ದೊಡ್ಡದು: ತಟ್ಟೆಯಲ್ಲಿರುವ ಆ ಹೃದಯಕ್ಕೆ ಬೆಳಕು-ಕತ್ತಲಿನ ಹೊತ್ತನ್ನು ಬದಲಿಸಿದರೆ, ಕಣ್ಣಿಲ್ಲ, ಮಿದುಳಿಲ್ಲ, ನರವಿಲ್ಲ, ಆದರೂ ಅದರ ಗಡಿಯಾರ ಹೊಸ ಹೊತ್ತಿಗೆ ಹೊಂದಿಕೊಂಡಿತು! ತಟ್ಟೆಯಲ್ಲಿ ಬೆಳೆಸಿದ ಬಿಡಿ ಜೀವಕೋಶಗಳೂ ಹಾಗೇ ಮಾಡಿದವು.

ಅಂದರೆ ಜೀಬ್ರಾಫಿಶ್‌ನ ಹೃದಯಕ್ಕೆ ಬೆಳಕು ನೇರವಾಗಿ ಗೊತ್ತಾಗುತ್ತದೆ. ಇದು ಹೇಗೆ ಸಾಧ್ಯ ಅಂತ ಹುಡುಕಿದಾಗ ಸಿಕ್ಕಿದ್ದು ಆಪ್ಸಿನ್‌ಗಳು, ಬೆಳಕನ್ನು ಹಿಡಿಯುವ ಪ್ರೋಟೀನುಗಳು. ಜೀಬ್ರಾಫಿಶ್‌ನಲ್ಲಿ ಒಟ್ಟು 42 ಆಪ್ಸಿನ್ ಜೀನುಗಳಿವೆ. ನೋಡಲು ಬಳಕೆಯಾಗುವುದು ಅದರಲ್ಲಿ ಬರೀ 10. ಮಿಕ್ಕ 32 ನೋಡುವುದಕ್ಕಲ್ಲ, ಬೇರೆ ಕೆಲಸಗಳಿಗೆ, ಮತ್ತು ಅವು ಮೈಯ ನಾನಾ ಕಡೆ ಹರಡಿಕೊಂಡಿವೆ. ಮೀನಿನ ಮೈ ಚಿಕ್ಕದು, ಮರಿಯಂತೂ ಗಾಜಿನ ಹಾಗೆ ಪಾರದರ್ಶಕ, ಬೆಳಕು ಒಳಗಿನವರೆಗೂ ಹೋಗುತ್ತದೆ. ಹಾಗಿರುವಾಗ ಪ್ರತಿ ಅಂಗವೂ ತಾನೇ ಹೊತ್ತು ನೋಡಿಕೊಳ್ಳುವುದರಲ್ಲಿ ಅರ್ಥವಿದೆ.

ಹಾಗಾದರೆ ಪೀನಿಯಲ್ ಗ್ರಂಥಿಗೆ ಏನು ಕೆಲಸ? ಅದನ್ನು ಮೂರನೇ ಕಣ್ಣು ಅಂತಾರಲ್ಲ.

ಆ ಹೆಸರು ಮೀನಿನ ಮಟ್ಟಿಗೆ ಸುಮಾರಾಗಿ ಸರಿಯೇ. ಪೀನಿಯಲ್ ಮಿದುಳಿನ ಮೇಲ್ಭಾಗದಲ್ಲಿ, ತೆಳುವಾದ ತಲೆಬುರುಡೆಯ ಅಡಿಯಲ್ಲಿ ಕೂತಿರುತ್ತದೆ. ಅದರ ಜೀವಕೋಶಗಳು ಕಣ್ಣಿನ ಪರದೆಯ ಜೀವಕೋಶಗಳ ಹತ್ತಿರದ ನೆಂಟರು, ಬೆಳಕನ್ನು ನೇರವಾಗಿ ಹಿಡಿಯುತ್ತವೆ. ರಾತ್ರಿ ಮೆಲಟೋನಿನ್ ಅನ್ನುವ ಹಾರ್ಮೋನು ತಯಾರಿಸುತ್ತವೆ, ಹಗಲು ನಿಲ್ಲಿಸುತ್ತವೆ. ರಕ್ತದಲ್ಲಿ ಮೆಲಟೋನಿನ್ ಏರಿದೆ ಅಂದರೆ ಇಡೀ ಮೈಗೆ 'ಈಗ ರಾತ್ರಿ' ಅನ್ನುವ ಸುದ್ದಿ ಹೋಯಿತು ಅಂತಲೇ ಲೆಕ್ಕ.

ಜಾತಿಯಿಂದ ಜಾತಿಗೆ ಇಲ್ಲೂ ವ್ಯತ್ಯಾಸ ಇದೆ. ಜೀಬ್ರಾಫಿಶ್ ಮತ್ತು ಪೈಕ್ ಮೀನಿನ ಪೀನಿಯಲ್ಲನ್ನು ಹೊರತೆಗೆದು ಕತ್ತಲಲ್ಲಿಟ್ಟರೂ ಮೆಲಟೋನಿನ್ ದಿನಕ್ಕೊಮ್ಮೆ ಏರಿ ಇಳಿಯುತ್ತದೆ, ಅದರೊಳಗೆ ಗಡಿಯಾರ ಇದೆ. ರೇನ್‌ಬೋ ಟ್ರೌಟ್‌ನಲ್ಲಿ ಹಾಗಿಲ್ಲ. ಕತ್ತಲಿರುವಷ್ಟು ಹೊತ್ತೂ ಮೆಲಟೋನಿನ್ ಬರುತ್ತಲೇ ಇರುತ್ತದೆ, ಬೆಳಕು ಬಿದ್ದರೆ ನಿಲ್ಲುತ್ತದೆ. ಅಲ್ಲಿ ಪೀನಿಯಲ್ ಬರೀ ಬೆಳಕಿನ ಅಳತೆಗಾರ.

ಪೀನಿಯಲ್ ಒಂದೇ ಅಲ್ಲ, ಮಿದುಳಿನ ಆಳದಲ್ಲೂ ಬೆಳಕು ಹಿಡಿಯುವ ಜೀವಕೋಶಗಳಿವೆ. ಇದರ ಮೊದಲ ಸುಳಿವು ಸಿಕ್ಕಿದ್ದು 1911ರಲ್ಲಿ. ಮುಂದೆ ಜೇನುನೊಣಗಳ ಕುಣಿತದಿಂದ ಹೆಸರಾದ ಕಾರ್ಲ್ ವಾನ್ ಫ್ರಿಶ್, ಕುರುಡಾದ ಮಿನ್ನೋ ಮೀನಿನ ತಲೆಯ ಮೇಲೆ ಬೆಳಕು ಬಿಟ್ಟು ನೋಡಿದರು. ಮೀನಿನ ಚರ್ಮದ ಬಣ್ಣ ಬದಲಾಯಿತು. ಪೀನಿಯಲ್ ತೆಗೆದ ಮೇಲೂ ಬದಲಾಯಿತು!

ಮೀನು ನಿಜವಾಗಿಯೂ ನಿದ್ದೆ ಮಾಡುತ್ತಾ? ರೆಪ್ಪೆಯೇ ಇಲ್ಲವಲ್ಲ.

ಮಾಡುತ್ತದೆ. ರೆಪ್ಪೆಗೂ ನಿದ್ದೆಗೂ ಸಂಬಂಧ ಇಲ್ಲ. ನಿದ್ದೆ ಅಂತ ಗುರುತಿಸಲು ನೋಡುವುದು ಬೇರೆ: ಅಲುಗಾಟ ನಿಂತಿದೆಯಾ, ಒಂದು ಜಾಗ ಹಿಡಿದು ಒಂದು ಭಂಗಿಯಲ್ಲಿದೆಯಾ, ಎಬ್ಬಿಸಲು ಜಾಸ್ತಿ ತಟ್ಟಬೇಕಾ, ಆದರೂ ತಟ್ಟಿದರೆ ಏಳುತ್ತಾ. ಜೀಬ್ರಾಫಿಶ್ ಇವೆಲ್ಲದರಲ್ಲೂ ಪಾಸು. 2019ರಲ್ಲಿ ಸ್ಟ್ಯಾನ್‌ಫರ್ಡ್‌ನ ತಂಡವೊಂದು ಪಾರದರ್ಶಕ ಮರಿಗಳ ಮಿದುಳು, ಹೃದಯ, ಸ್ನಾಯುಗಳನ್ನು ಒಟ್ಟಿಗೆ ಗಮನಿಸಿ, ನಮ್ಮ ಗಾಢ ನಿದ್ದೆ ಮತ್ತು ಕನಸಿನ ನಿದ್ದೆ ಎರಡನ್ನೂ ಹೋಲುವ ಎರಡು ಬಗೆಯ ನಿದ್ದೆಯನ್ನು ಗುರುತಿಸಿತು. ಡ್ರಾಟ್ಸ್‌ಬೋರ್ಡ್ ಶಾರ್ಕ್ ಕೂಡ ನಿದ್ದೆ ಮಾಡುತ್ತದೆ, ಆಗ ಅದರ ಆಮ್ಲಜನಕದ ಬಳಕೆ ಕಡಿಮೆಯಾಗುತ್ತದೆ ಅಂತ 2022ರಲ್ಲಿ ತೋರಿಸಿದರು. ನಿದ್ದೆಯಲ್ಲಿದ್ದಾಗಲೂ ಎಷ್ಟೋ ಸಲ ಅದರ ಕಣ್ಣು ತೆರೆದೇ ಇತ್ತು.

ಗಿಳಿಮೀನು ಮಲಗುವ ರೀತಿ ನೋಡಬೇಕು. ಹವಳದ ಸಂದಿಯಲ್ಲಿ ಜಾಗ ಹಿಡಿದು, ಕಿವಿರಿನ ಹತ್ತಿರದ ಗ್ರಂಥಿಗಳಿಂದ ಲೋಳೆ ಬಿಡುತ್ತದೆ. ಆ ಲೋಳೆ ಬಾಯಿಯ ಕಡೆಯಿಂದ ನಿಧಾನಕ್ಕೆ ಹಿಂದಕ್ಕೆ ಹಬ್ಬಿ ಇಡೀ ಮೈಯನ್ನು ಸುತ್ತಿಕೊಳ್ಳುತ್ತದೆ. ತೆಳ್ಳಗೆ, ಪಾರದರ್ಶಕವಾಗಿ, ಅಲ್ಲಲ್ಲಿ ಮರಳಿನ ಕಣ ಅಂಟಿಕೊಂಡು. ರಾತ್ರಿ ರಕ್ತ ಹೀರಲು ಬರುವ ಪುಟ್ಟ ಪರೋಪಜೀವಿಗಳಿಗೆ ಅದು ಸೊಳ್ಳೆಪರದೆಯ ಹಾಗೆ ಅಡ್ಡ ನಿಲ್ಲುತ್ತದೆ. ಬೆಳಿಗ್ಗೆ ಹರಿದುಕೊಂಡು ಹೊರಗೆ ಬರುತ್ತದೆ.

ಮಲಗಿದಾಗ ಅಲುಗಾಡಲೇಬಾರದು ಅಂತಲೂ ಇಲ್ಲ. ಕವಲು ಹವಳದ ನಡುವೆ ರಾತ್ರಿ ಕಳೆಯುವ ಒಂದು ಬಗೆಯ ಡ್ಯಾಮ್ಸೆಲ್ ಮೀನು ನಿದ್ದೆಯಲ್ಲೂ ಈಜುರೆಕ್ಕೆ ಬಡಿಯುತ್ತಲೇ ಇರುತ್ತದೆ. ಇದರಿಂದ ಹವಳದ ಒಳಗಿನ ನೀರು ಕದಡಿ ಆಮ್ಲಜನಕ ಸಿಗುತ್ತದೆ, ಮೀನಿಗೂ, ಹವಳಕ್ಕೂ.

ಮೆಲಟೋನಿನ್ ಇಲ್ಲದಿದ್ದರೆ?

ಜೀಬ್ರಾಫಿಶ್‌ನಲ್ಲಿ ಮೆಲಟೋನಿನ್ ತಯಾರಿಸುವ ಜೀನನ್ನು ಕೆಡಿಸಿ ನೋಡಿದ್ದಾರೆ. ಗಡಿಯಾರ ನಡೆಯುತ್ತಲೇ ಇತ್ತು, ಆದರೆ ರಾತ್ರಿಯ ನಿದ್ದೆ ತುಂಬಾ ಕಡಿಮೆಯಾಯಿತು. ಗಡಿಯಾರಕ್ಕೆ ಹೊತ್ತು ಗೊತ್ತಿದ್ದರೂ ಆ ಸುದ್ದಿ ನಿದ್ದೆಗೆ ತಲುಪಲಿಲ್ಲ.

ನನ್ನ ಮೀನು ಹಗಲಿನದ್ದಾ, ರಾತ್ರಿಯದ್ದಾ? ಹೇಗೆ ಗೊತ್ತು ಮಾಡೋದು?

ಪುಸ್ತಕದ ಪಟ್ಟಿ ನೋಡಿ ಪೂರ್ತಿ ನಂಬಬೇಡಿ, ಮೀನನ್ನೇ ನೋಡಿ. ಹಕ್ಕಿಗಳಲ್ಲಿ, ದಂಶಕಗಳಲ್ಲಿ ಒಂದು ಜಾತಿ ಹಗಲಿನದ್ದು ಅಂದರೆ ಬಹುಮಟ್ಟಿಗೆ ಹಗಲಿನದ್ದೇ. ಮೀನುಗಳಲ್ಲಿ ಅಷ್ಟು ಬಿಗಿ ಇಲ್ಲ.

ಗೋಲ್ಡ್‌ಫಿಶ್ ತಗೊಳ್ಳಿ. ಒಂದೇ ಜಾತಿ, ಒಂದೇ ತರಹದ ತೊಟ್ಟಿ, ಒಂದೇ ಲೈಟು, ಆದರೂ ಕೆಲವು ಹಗಲು ಚುರುಕು, ಕೆಲವು ರಾತ್ರಿ ಚುರುಕು. ಯುರೋಪಿನ ಸೀಬಾಸ್ ಮೀನಿಗೆ, ತಾನೇ ತಳ್ಳಿ ತಿಂಡಿ ಬೀಳಿಸಿಕೊಳ್ಳುವ ಸನ್ನೆಕೋಲನ್ನು ಕೊಟ್ಟು ವರ್ಷವಿಡೀ ಗಮನಿಸಿದ್ದಾರೆ. ಬೇಸಿಗೆಯಲ್ಲಿ ಹಗಲು ಹೊತ್ತು ತಳ್ಳುತ್ತಿದ್ದ ಮೀನು ಚಳಿಗಾಲದಲ್ಲಿ ರಾತ್ರಿ ಹೊತ್ತು ತಳ್ಳಲು ಶುರು ಮಾಡಿತು, ವಸಂತ ಬಂದಾಗ ಮತ್ತೆ ಹಗಲಿಗೆ ಬಂತು. ಅಟ್ಲಾಂಟಿಕ್ ಸಾಲ್ಮನ್ ಮರಿಗಳು ನೀರು ಸುಮಾರು 10 ಡಿಗ್ರಿಗಿಂತ ತಣ್ಣಗಾದಾಗ ಹಗಲೆಲ್ಲ ಕಲ್ಲಿನ ಸಂದಿಯಲ್ಲಿ ಅಡಗಿ ರಾತ್ರಿ ಮೇಯಲು ಬರುತ್ತವೆ. ತಣ್ಣನೆಯ ನೀರಲ್ಲಿ ಮೈ ನಿಧಾನ, ಬಿಸಿರಕ್ತದ ಬೇಟೆಗಾರರಿಂದ ತಪ್ಪಿಸಿಕೊಳ್ಳುವುದು ಕಷ್ಟ, ಹಾಗಾಗಿ ಕತ್ತಲೇ ವಾಸಿ ಅನ್ನುವ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ. ಸೆನೆಗಲ್ ಸೋಲ್ ಅನ್ನುವ ಚಪ್ಪಟೆ ಮೀನು ಇನ್ನೂ ಮಜಾ: ಮರಿಯಾಗಿ ನೀರಿನ ಮೇಲ್ಭಾಗದಲ್ಲಿ ಈಜುವಾಗ ಹಗಲಿನ ಜೀವಿ, ಕಣ್ಣು ಒಂದೇ ಮಗ್ಗುಲಿಗೆ ಸರಿದು ತಳ ಸೇರುವ ಹೊತ್ತಿಗೆ ರಾತ್ರಿಯ ಜೀವಿ. ಇನ್ನು ಟೆಂಚ್ ಮೀನು ಪಕ್ಕಾ ರಾತ್ರಿಯದ್ದು, ಅದರಲ್ಲಿ ಮಾತಿಲ್ಲ.

ಮೊಟ್ಟೆ ಇಟ್ಟಾಗ ನಿಯಮವೇ ಬೇರೆ. ಕಾನ್ವಿಕ್ಟ್ ಸಿಕ್ಲಿಡ್ ಹಗಲಿನ ಮೀನು, ಆದರೆ ಮೊಟ್ಟೆ ಇರುವಷ್ಟು ದಿನ ತಾಯಿ ರಾತ್ರಿಯಿಡೀ ರೆಕ್ಕೆಯಿಂದ ಗಾಳಿ ಹಾಕುತ್ತಾ ಕಾಯುತ್ತದೆ. ಅಂಥ ಹೊತ್ತಲ್ಲಿ ಮೀನಿಗೆ ಏನೋ ಆಗಿದೆ ಅಂತ ಗಾಬರಿಯಾಗಿ ಔಷಧಿ ಹಾಕಲು ಹೋಗಬೇಡಿ.

ತಿಂಡಿ ಹಾಕುವ ಹೊತ್ತಿಗೆ ಸರಿಯಾಗಿ ಮೀನೆಲ್ಲ ಒಂದು ಮೂಲೆಗೆ ಬಂದು ಕಾಯುತ್ತವೆ. ನನ್ನನ್ನು ನೋಡಿ ಬರುತ್ತವೋ, ಹೊತ್ತು ನೋಡಿ ಬರುತ್ತವೋ?

ಎರಡೂ ಇರಬಹುದು. ಹೆಜ್ಜೆಯ ಸದ್ದು, ಡಬ್ಬದ ಸದ್ದು ಮೀನಿಗೆ ಗೊತ್ತಾಗುತ್ತದೆ. ಆದರೆ ಮನುಷ್ಯರು ಯಾರೂ ಇಲ್ಲದ ಕೋಣೆಯಲ್ಲಿ ಯಂತ್ರದಿಂದ ದಿನವೂ ಒಂದೇ ಹೊತ್ತಿಗೆ ತಿಂಡಿ ಬೀಳಿಸಿ ನೋಡಿದಾಗಲೂ ಗೋಲ್ಡ್‌ಫಿಶ್ ಆ ಹೊತ್ತಿಗಿಂತ ಮುಂಚೆ ಚುರುಕಾಗುತ್ತದೆ. ಹಗಲು-ರಾತ್ರಿ ಇಲ್ಲದೆ ಲೈಟು ಒಂದೇ ಸಮನೆ ಇದ್ದರೂ ಹೀಗಾಗುತ್ತದೆ. ಅಂದರೆ ತಿಂಡಿಯೇ ಗಡಿಯಾರಕ್ಕೆ ಕೀ ಕೊಡಬಲ್ಲದು. ಯಕೃತ್ತಿನ ಗಡಿಯಾರ ಮುಖ್ಯವಾಗಿ ತಿಂಡಿಯ ಹೊತ್ತನ್ನು ಹಿಡಿದು ನಡೆಯುತ್ತದೆ, ಜೀರ್ಣರಸಗಳೂ ಆ ಹೊತ್ತಿಗೆ ತಯಾರಾಗಲು ಕಲಿಯುತ್ತವೆ.

ಹಾಗಾಗಿ ಸಾಕುವವರಿಗೆ ನನ್ನ ಮಾತು ನೇರ: ಎಷ್ಟು ಹೊತ್ತಿಗೆ ಹಾಕುತ್ತೀರಿ ಅನ್ನುವುದಕ್ಕಿಂತ ದಿನವೂ ಅದೇ ಹೊತ್ತಿಗೆ ಹಾಕುತ್ತೀರಾ ಅನ್ನುವುದು ದೊಡ್ಡದು. ಒಂದು ದಿನ ನಸುಕಿಗೆ, ಒಂದು ದಿನ ನಡುರಾತ್ರಿಗೆ ಹಾಕಿದರೆ ಯಕೃತ್ತು ಒಂದು ಹೊತ್ತು ಹೇಳುತ್ತದೆ, ಮಿಕ್ಕ ಮೈ ಇನ್ನೊಂದು ಹೊತ್ತು ಹೇಳುತ್ತದೆ. ಹಗಲಿನ ಮೀನಿಗೆ ಲೈಟು ಹಾಕಿ ಸ್ವಲ್ಪ ಹೊತ್ತಾದ ಮೇಲೆ ಕೊಡಿ. ತಳದಲ್ಲಿರುವ ರಾತ್ರಿ ಮೀನುಗಳಿಗೆ ಲೈಟು ಆರಿದ ಮೇಲೆ ಕೊಡಿ, ಇಲ್ಲದಿದ್ದರೆ ಅವುಗಳ ಪಾಲು ಹಗಲಿನವು ತಿಂದು ಮುಗಿಸುತ್ತವೆ.

ಅಕ್ವೇರಿಯಂ ಲೈಟು ದಿನಕ್ಕೆ ಎಷ್ಟು ಗಂಟೆ ಇರಬೇಕು?

8ರಿಂದ 12 ಗಂಟೆಯೊಳಗೆ ಯಾವುದಾದರೂ ಸರಿ. ಪಾಚಿ ಜಾಸ್ತಿ ಬರುತ್ತಿದ್ದರೆ 8ರ ಕಡೆಗೆ ಇಳಿಸಿ. ಟೈಮರ್ ಹಾಕಿ, ನೆನಪಿನ ಮೇಲೆ ಬಿಡಬೇಡಿ. ಕತ್ತಲ ಕೋಣೆಯಲ್ಲಿ ಒಮ್ಮೆಲೇ ಜೋರು ಲೈಟು ಹತ್ತಿದರೆ ಮೀನು ಬೆಚ್ಚಿ ಗಾಜಿಗೆ ಬಡಿದುಕೊಳ್ಳುತ್ತದೆ, ಹಾಗಾಗಿ ಮೊದಲು ಕೋಣೆಯ ಲೈಟು ಹಾಕಿ, ಒಂದರ್ಧ ಗಂಟೆ ಬಿಟ್ಟು ತೊಟ್ಟಿಯದ್ದು ಹಾಕಿ. ಆರಿಸುವಾಗ ಇದರ ಉಲ್ಟಾ.

ರಾತ್ರಿ ಚಂದಕ್ಕೆ ಅಂತ ನೀಲಿ ಲೈಟು ಬಿಡುತ್ತೇನೆ. ತುಂಬಾ ಮಂದ ಇದೆ. ತೊಂದರೆ ಇದೆಯಾ?

ಇದೆ. ಆರಿಸಿಬಿಡಿ.

ಕಾರಣ ಹೇಳುತ್ತೇನೆ. ನೀರು ಕೆಂಪು ಬೆಳಕನ್ನು ಬೇಗ ನುಂಗುತ್ತದೆ, ನೀಲಿ ಮತ್ತು ಹಸಿರು ಆಳದವರೆಗೆ ಹೋಗುತ್ತವೆ. ಪೀನಿಯಲ್ಲಿನ ಆಪ್ಸಿನ್‌ಗಳೂ ಆ ನೀಲಿ-ಹಸಿರಿಗೇ ಚೆನ್ನಾಗಿ ಸ್ಪಂದಿಸುತ್ತವೆ. ನಮ್ಮ ಕಣ್ಣಿಗೆ ಮಂದ ಅನ್ನಿಸುವ ನೀಲಿ ಮೀನಿನ ಪೀನಿಯಲ್‌ಗೆ ಮಂದ ಅಲ್ಲ. ಯುರೋಪಿನ ಪರ್ಚ್ ಮೀನಿನಲ್ಲಿ ರಾತ್ರಿ ಬರೀ 1 ಲಕ್ಸ್ (ಬೆಳಕನ್ನು ಅಳೆಯುವ ಮಾನ) ಬೆಳಕಿದ್ದರೂ ಮೆಲಟೋನಿನ್ ಕುಗ್ಗಿತು. ಹುಣ್ಣಿಮೆಯ ಬೆಳದಿಂಗಳು ಅರ್ಧ ಲಕ್ಸ್ ಕೂಡ ಇರುವುದಿಲ್ಲ. ಚಂದ್ರನ ಬೆಳಕು ಅಂತ ಮಾರುವ ಎಷ್ಟೋ ಲೈಟುಗಳು ಚಂದ್ರನಿಗಿಂತ ಎಷ್ಟೋ ಪಟ್ಟು ಜೋರಿರುತ್ತವೆ, ಅದೂ ತಿಂಗಳ ಪ್ರತಿ ರಾತ್ರಿ. ಮೀನಿಗೆ ರಾತ್ರಿ ಬೇಕು, ಅದನ್ನು ನಮ್ಮ ಕಣ್ಣಿನ ಚಂದಕ್ಕೆ ಕಿತ್ತುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ರಾತ್ರಿ ಮೀನನ್ನು ನೋಡಲೇಬೇಕು ಅಂತಿದ್ದರೆ ಮಂದವಾದ ಕೆಂಪು ಟಾರ್ಚು ಹಿಡಿದು ಒಂದೆರಡು ನಿಮಿಷ ನೋಡಿ, ಆರಿಸಿ.

ರಾತ್ರಿ ಟಾರ್ಚು ಬಿಟ್ಟಾಗ ನಿಯಾನ್ ಟೆಟ್ರಾ ಬಣ್ಣವೆಲ್ಲ ಹೋಗಿತ್ತು. ರೋಗವಾ?

ಅಲ್ಲ. ಬಹಳ ಮೀನುಗಳು ರಾತ್ರಿ ಬಿಳಿಚಿಕೊಳ್ಳುತ್ತವೆ. ಚರ್ಮದ ಬಣ್ಣದ ಜೀವಕೋಶಗಳಲ್ಲಿ ಕಪ್ಪು ಕಣಗಳು ಹಗಲು ಹರಡಿಕೊಂಡಿರುತ್ತವೆ, ರಾತ್ರಿ ಮಧ್ಯಕ್ಕೆ ಒಟ್ಟುಗೂಡುತ್ತವೆ. ಮೆಲಟೋನಿನ್‌ಗೂ ಇದರಲ್ಲಿ ಕೈ ಇದೆ. ನಿಯಾನ್ ಟೆಟ್ರಾದ ನೀಲಿ ಪಟ್ಟಿ ಕಪ್ಪು ಕಣಗಳಿಂದಲ್ಲ, ಬೆಳಕನ್ನು ಪ್ರತಿಫಲಿಸುವ ತೆಳು ಹರಳುಗಳಿಂದ ಬರುತ್ತದೆ. ಕತ್ತಲಲ್ಲಿ ಆ ಹರಳುಗಳ ಜೋಡಣೆ ಬದಲಾಗಿ ಪಟ್ಟಿ ನೇರಳೆ ಕಡೆಗೆ ತಿರುಗಿ ಮಂಕಾಗುತ್ತದೆ. ಬೆಳಿಗ್ಗೆ ಬೆಳಕು ಬಂದ ಮೇಲೂ ಬಹಳ ಹೊತ್ತು ಬಣ್ಣ ವಾಪಸ್ ಬಾರದಿದ್ದರೆ ಮಾತ್ರ ಯೋಚಿಸಿ.

ಬೀದಿದೀಪ, ಬಂದರಿನ ದೀಪಗಳಿಂದ ಕೆರೆ, ಕಡಲಿನ ಮೀನಿಗೂ ಹೀಗೇ ಆಗುತ್ತಾ?

ಆಗುತ್ತದೆ, ಮತ್ತು ಇದರ ಬಗ್ಗೆ ನನಗೆ ನಿಜಕ್ಕೂ ಚಿಂತೆ ಇದೆ. ಕ್ಲೌನ್‌ಫಿಶ್ ಮೊಟ್ಟೆ ಒಡೆಯುವುದು ಮುಸ್ಸಂಜೆ ಕಳೆದು ಕತ್ತಲಾದ ಸ್ವಲ್ಪ ಹೊತ್ತಿಗೆ. ಮರಿ ಹೊರಬರುವಾಗ ಕಂಡು ಹಿಡಿದು ತಿನ್ನುವವರು ಕಡಿಮೆ ಇರಲಿ ಅಂತ. 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ರಾತ್ರಿಯಿಡೀ ಸುಮಾರು 26 ಲಕ್ಸ್‌ನಷ್ಟು ಕೃತಕ ಬೆಳಕು ಬಿಟ್ಟರು. ದಂಪತಿ ಮೀನುಗಳು ಎಂದಿನಂತೆ ಮೊಟ್ಟೆ ಇಟ್ಟವು, ಮೊಟ್ಟೆ ಫಲವಾಯಿತು, ಬೆಳೆಯಿತು. ಆದರೆ ಒಂದೇ ಒಂದು ಮರಿ ಹೊರಬರಲಿಲ್ಲ. ಒಳಗೆ ತಯಾರಾಗಿ ಕೂತ ಮರಿಗೆ 'ಈಗ ಕತ್ತಲಾಯಿತು, ಹೊರಡು' ಅನ್ನುವ ಸೂಚನೆ ಬರಲೇ ಇಲ್ಲ. ಲೈಟು ತೆಗೆದ ಮೇಲೆ ಇಟ್ಟ ಮೊಟ್ಟೆಗಳು ಮಾಮೂಲಿನಂತೆ ಒಡೆದವು. ಅಂದರೆ ಆರಿಸಿದರೆ ಸರಿಹೋಗುವ ತೊಂದರೆ ಇದು. ಬೇರೆ ಎಷ್ಟು ಮಾಲಿನ್ಯದ ಬಗ್ಗೆ ಹೀಗೆ ಹೇಳಬಹುದು?

ಕತ್ತಲ ಗುಹೆಯಲ್ಲೇ ಇರುವ ಕುರುಡು ಮೀನುಗಳಿಗೆ ಗಡಿಯಾರ ಇದೆಯಾ?

ಎರಡು ಗುಹೆಮೀನುಗಳ ಬಗ್ಗೆ ಚೆನ್ನಾಗಿ ಗೊತ್ತಿದೆ, ಎರಡರ ಉತ್ತರ ಬೇರೆ ಬೇರೆ.

ಸೊಮಾಲಿಯಾದ ನೆಲದಡಿಯ ನೀರಿನಲ್ಲಿ ಫ್ರಿಯಾಟಿಕ್ತಿಸ್ ಆಂಡ್ರುಜಿ ಅನ್ನುವ ಮೀನಿದೆ. ಕಣ್ಣಿಲ್ಲ, ಮೈಬಣ್ಣವಿಲ್ಲ, ಮೈಮೇಲೆ ಹುರುಪೆ ಇಲ್ಲ. ಹತ್ತಿಪ್ಪತ್ತು ಲಕ್ಷ ವರ್ಷಗಳಿಂದ ಕತ್ತಲಲ್ಲೇ ಇದೆ. 2011ರಲ್ಲಿ ಪ್ರಕಟವಾದ ಕೆಲಸದಲ್ಲಿ ಇದಕ್ಕೆ ಬೆಳಕು-ಕತ್ತಲು ತೋರಿಸಿದರೆ ಏನೂ ಆಗಲಿಲ್ಲ. ಬೆಳಕು ಹಿಡಿಯುವ ಎರಡು ಆಪ್ಸಿನ್ ಜೀನುಗಳೇ ಕೆಟ್ಟುಹೋಗಿದ್ದವು. ಆದರೆ ದಿನವೂ ಒಂದೇ ಹೊತ್ತಿಗೆ ತಿಂಡಿ ಹಾಕಿದಾಗ, ತಿಂಡಿಗೆ ಮುಂಚೆ ಚುರುಕಾಗಲು ಕಲಿಯಿತು! ಗಡಿಯಾರ ಸತ್ತಿರಲಿಲ್ಲ. ಬೆಳಕಿನ ಬಾಗಿಲು ಮುಚ್ಚಿತ್ತು, ತಿಂಡಿಯ ಬಾಗಿಲು ತೆರೆದಿತ್ತು. ಅದರ ಜೀವಕೋಶಗಳನ್ನು ತಟ್ಟೆಯಲ್ಲಿಟ್ಟು ಹಾರ್ಮೋನಿನಂಥ ಔಷಧಿಯಿಂದ ಎಬ್ಬಿಸಿದಾಗ ಲಯ ಬಂತು, ಆದರೆ ಒಂದು ಸುತ್ತಿಗೆ 47 ಗಂಟೆಯವರೆಗೂ ಹಿಡಿಯಿತು. ಸೂರ್ಯ ಕಾಣದ ಕಡೆ 24 ಗಂಟೆಗೆ ಹೊಂದಿಸಿಕೊಳ್ಳುವ ಒತ್ತಡ ಇಲ್ಲದೆ ಹೀಗೆ ಸಡಿಲವಾಗಿದೆ ಅನ್ನುವುದು ಸಹಜವಾದ ಊಹೆ.

ಮೆಕ್ಸಿಕೋದ ಗುಹೆಮೀನು ಇದಕ್ಕಿಂತ ಹೊಸಬ. ಹತ್ತಿರದ ನದಿಗಳಲ್ಲಿ ಅದೇ ಜಾತಿಯ ಕಣ್ಣಿರುವ ಮೀನು ಈಗಲೂ ಇದೆ, ಹಾಗಾಗಿ ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಬಹುದು. ಗುಹೆಯದ್ದರಲ್ಲಿ ಗಡಿಯಾರ ಕುಗ್ಗಿದೆ, ಪರ್2 ಕತ್ತಲಲ್ಲೂ ಏರಿಯೇ ಇರುತ್ತದೆ, ನಿದ್ದೆಯೂ ಬಹಳ ಕಡಿಮೆ. ಡೇಮಿಯನ್ ಮೊರಾನ್ ಮತ್ತು ಸಂಗಡಿಗರು 2014ರಲ್ಲಿ ಎರಡರ ಆಮ್ಲಜನಕದ ಬಳಕೆಯನ್ನು ಅಳೆದರು. ನದಿಯ ಮೀನು ಹಗಲಿನ ಹೊತ್ತಿಗೆ ಮೈಯ ಖರ್ಚನ್ನು ಏರಿಸುತ್ತದೆ, ಪೂರ್ತಿ ಕತ್ತಲಲ್ಲಿಟ್ಟರೂ 'ಹಗಲಿಗೆ' ಅಂತ ಏರಿಸುತ್ತಲೇ ಇರುತ್ತದೆ. ಗುಹೆಯ ಮೀನು ಏರಿಸುವುದೇ ಇಲ್ಲ. ಇದರಿಂದ ಹಗಲು-ರಾತ್ರಿ ಇರುವಾಗ 27 ಶೇಕಡ, ಪೂರ್ತಿ ಕತ್ತಲಲ್ಲಿ 38 ಶೇಕಡ ಶಕ್ತಿ ಉಳಿತಾಯ ಅಂತ ಲೆಕ್ಕ ಹಾಕಿದರು. ತಿನ್ನಲು ಅಪರೂಪಕ್ಕೆ ಸಿಗುವ ಗುಹೆಯಲ್ಲಿ ಅದು ಸಣ್ಣ ಲಾಭವಲ್ಲ.

ಹುಣ್ಣಿಮೆ, ಅಮಾವಾಸ್ಯೆ ಮೀನಿಗೆ ಗೊತ್ತಾಗುತ್ತಾ?

ಕೆಲವಕ್ಕೆ ಚೆನ್ನಾಗಿಯೇ ಗೊತ್ತಾಗುತ್ತದೆ. ಕ್ಯಾಲಿಫೋರ್ನಿಯಾದ ಗ್ರೂನಿಯನ್ ಮೀನುಗಳು ಹುಣ್ಣಿಮೆ ಮತ್ತು ಅಮಾವಾಸ್ಯೆ ಕಳೆದ ಕೆಲವು ರಾತ್ರಿಗಳಲ್ಲಿ, ಭರತ (ಕಡಲಿನ ಉಬ್ಬರ) ತುತ್ತತುದಿಗೇರಿ ಇಳಿಯಲು ಶುರುವಾದಾಗ, ಅಲೆಯ ಜೊತೆ ಮರಳಿಗೆ ಬಂದು ಬೀಳುತ್ತವೆ. ಹೆಣ್ಣು ಬಾಲದ ಕಡೆಯಿಂದ ಒದ್ದೆ ಮರಳನ್ನು ಕೊರೆದು ಅರ್ಧ ಮೈ ಹೂತುಕೊಂಡು ಮೊಟ್ಟೆ ಇಡುತ್ತದೆ. ಮುಂದಿನ ದೊಡ್ಡ ಭರತ ಬರುವವರೆಗೆ, ಹತ್ತಿರ ಹತ್ತಿರ ಎರಡು ವಾರ, ಆ ಮೊಟ್ಟೆ ಮರಳಲ್ಲಿ ಸುರಕ್ಷಿತ. ಆ ಭರತದ ಅಲೆ ಬಂದು ಅಲುಗಿಸಿದಾಗಲೇ ಮರಿ ಹೊರಬರುತ್ತದೆ.

ಬಂಡೆಯ ಹೊಂಡಗಳಲ್ಲಿರುವ ಶ್ಯಾನಿ ಮೀನಿಗೆ 24 ಗಂಟೆಗಿಂತ 12.4 ಗಂಟೆ ಮುಖ್ಯ, ಒಂದು ಭರತದಿಂದ ಇನ್ನೊಂದು ಭರತಕ್ಕೆ ಇರುವ ಅಂತರ ಅದು. ಭರತವೇ ಇಲ್ಲದ ಪ್ರಯೋಗಾಲಯದ ತೊಟ್ಟಿಗೆ ತಂದರೂ ಕೆಲವು ದಿನ ಅದೇ ಲಯದಲ್ಲಿ ಚುರುಕಾಗುತ್ತದೆ.

ಋತು ಬದಲಾಗಿದ್ದು ಹೇಗೆ ತಿಳಿಯುತ್ತದೆ?

ಹಗಲಿನ ಉದ್ದದಿಂದ. ಮೆದಾಕಾ ಮೀನು 14 ಗಂಟೆ ಬೆಳಕು ಕೊಟ್ಟರೆ ದಿನವೂ ಬೆಳಗಿನ ಹೊತ್ತಿಗೆ ಮೊಟ್ಟೆ ಇಡುತ್ತದೆ, ಹಗಲನ್ನು ಗಿಡ್ಡ ಮಾಡಿದರೆ ನಿಲ್ಲಿಸುತ್ತದೆ. ಮಿದುಳಿನ ಅಡಿಯಲ್ಲಿ ಸ್ಯಾಕಸ್ ವ್ಯಾಸ್ಕ್ಯುಲೋಸಸ್ ಅನ್ನುವ ಒಂದು ಚೀಲವಿದೆ, ಬಹಳ ಕಾಲ ಅದರ ಕೆಲಸ ಏನೆಂದೇ ಸ್ಪಷ್ಟವಿರಲಿಲ್ಲ. ಮಾಸು ಸಾಲ್ಮನ್‌ನಲ್ಲಿ ಅದೇ ಹಗಲಿನ ಉದ್ದ ಅಳೆಯುವ ಜಾಗ ಅಂತ ಜಪಾನಿನ ಸಂಶೋಧಕರು 2013ರಲ್ಲಿ ತೋರಿಸಿದರು. ಸಾಲ್ಮನ್ ಸಾಕಣೆಯಲ್ಲಿ ಇದನ್ನು ದಿನವೂ ಬಳಸುತ್ತಾರೆ: ಲೈಟಿನ ಹೊತ್ತು ಬದಲಿಸಿ ಮರಿಗಳು ಉಪ್ಪುನೀರಿಗೆ ತಯಾರಾಗುವ ಕಾಲವನ್ನು ಹಿಂದೆ ಮುಂದೆ ಮಾಡುತ್ತಾರೆ, ಚಳಿಗಾಲದಲ್ಲಿ ಕಡಲಿನ ಪಂಜರಗಳಲ್ಲಿ ರಾತ್ರಿಯೂ ಲೈಟು ಉರಿಸಿ ಬೇಗ ಪ್ರಾಯಕ್ಕೆ ಬರುವುದನ್ನು ತಡೆಯುತ್ತಾರೆ. ಲಾಭದ ಲೆಕ್ಕ ನನಗೆ ಅರ್ಥವಾಗುತ್ತದೆ. ಆದರೆ ಅಷ್ಟು ದಿನ ರಾತ್ರಿಯೇ ಇಲ್ಲದ ಮೀನಿನ ನಿದ್ದೆಯ ಕಡೆಗೂ ಅಷ್ಟೇ ಗಮನ ಕೊಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕಣ್ಣಿನಲ್ಲೂ ಗಡಿಯಾರ ಇದೆ ಅಂತ ಓದಿದೆ. ಅಲ್ಲಿ ಏನು ಮಾಡುತ್ತದೆ?

ಬಹುಪಾಲು ಮೂಳೆಮೀನುಗಳ ಕಣ್ಣಿನ ಪಾಪೆ ನಮ್ಮದರ ಹಾಗೆ ಬೆಳಕಿಗೆ ಕಿರಿದಾಗುವುದಿಲ್ಲ. ಅದರ ಬದಲು ಕಣ್ಣಿನ ಪರದೆಯಲ್ಲಿರುವ ಜೀವಕೋಶಗಳೇ ಜಾಗ ಬದಲಿಸುತ್ತವೆ. ಹಗಲು ಬಣ್ಣ ನೋಡುವ ಶಂಕುಕೋಶಗಳು ಗಿಡ್ಡವಾಗಿ ಮುಂದಕ್ಕೆ ಬರುತ್ತವೆ, ಮಂದ ಬೆಳಕಿನ ದಂಡಕೋಶಗಳು ಉದ್ದವಾಗಿ ಕಪ್ಪು ಪದರದೊಳಗೆ ಹುದುಗುತ್ತವೆ. ರಾತ್ರಿ ಇದರ ತಿರುಗು ಮುರುಗು. ಮಿಡಾಸ್ ಸಿಕ್ಲಿಡ್‌ನಲ್ಲಿ ನೋಡಿದ್ದು ಏನೆಂದರೆ, ಕತ್ತಲು ಹಾಗೇ ಇದ್ದರೂ ಬೆಳಗಾಗಬೇಕಿದ್ದ ಹೊತ್ತಿಗೆ ಮುಂಚೆಯೇ ಶಂಕುಕೋಶಗಳು ಮುಂದಕ್ಕೆ ಹೊರಟಿರುತ್ತವೆ. ಸೂರ್ಯ ಬಂದ ಮೇಲೆ ಹೊರಟರೆ ಅಷ್ಟು ಹೊತ್ತು ಕಣ್ಣು ಮಂಜು, ಹತ್ತಿರದಲ್ಲೇ ಬೇಟೆಗಾರ ಇದ್ದರೆ ಅಷ್ಟೇ ಕಥೆ.

ನೀರಿನ ಬಿಸಿ ಏರಿದರೆ ಗಡಿಯಾರ ಜೋರಾಗಿ ಓಡುತ್ತಾ?

ಮೀನಿನ ಮೈಬಿಸಿ ನೀರಿನ ಜೊತೆ ಏರಿಳಿಯುತ್ತದೆ, ಹಾಗಾಗಿ ಓಡಬೇಕು ಅನ್ನಿಸುತ್ತದೆ. ಓಡುವುದಿಲ್ಲ. ಜೀಬ್ರಾಫಿಶ್ ಜೀವಕೋಶಗಳನ್ನು 20 ಡಿಗ್ರಿಯಲ್ಲಿಟ್ಟರೂ 30 ಡಿಗ್ರಿಯಲ್ಲಿಟ್ಟರೂ ಸುತ್ತಿನ ಉದ್ದ ಹೆಚ್ಚುಕಮ್ಮಿ ಒಂದೇ. ಆದರೆ ಹಗಲು ಬಿಸಿ, ರಾತ್ರಿ ತಣ್ಣಗೆ ಅಂತ ದಿನವೂ ಕೆಲವು ಡಿಗ್ರಿ ಏರಿಳಿದರೆ, ಕತ್ತಲಲ್ಲೂ ಗಡಿಯಾರ ಅದನ್ನು ಹಿಡಿದುಕೊಂಡು ಹೊತ್ತು ಹೊಂದಿಸಿಕೊಳ್ಳುತ್ತದೆ.

ಜೀಬ್ರಾಫಿಶ್ ಮರಿ ಮಾಡಿಸಬೇಕು. ಯಾವ ಹೊತ್ತು ಒಳ್ಳೆಯದು?

ಲೈಟು ಹತ್ತಿದ ಮೊದಲ ಒಂದೆರಡು ಗಂಟೆ. ಪ್ರಯೋಗಾಲಯಗಳಲ್ಲಿ ಸಂಜೆಯೇ ಗಂಡು ಹೆಣ್ಣನ್ನು ಒಂದೇ ಡಬ್ಬದಲ್ಲಿ ಬಿಟ್ಟು ನಡುವೆ ಪಾರದರ್ಶಕ ತಡೆ ಇಡುತ್ತಾರೆ, ಬೆಳಿಗ್ಗೆ ಲೈಟು ಹತ್ತಿದಾಗ ತಡೆ ತೆಗೆಯುತ್ತಾರೆ. ಮೊಟ್ಟೆ ಕೆಳಗಿನ ಜಾಲರಿಯ ಮೂಲಕ ಬೀಳುತ್ತದೆ, ತಂದೆ ತಾಯಿ ತಿಂದುಹಾಕಲು ಆಗುವುದಿಲ್ಲ.

ಮೊಟ್ಟೆಗಳನ್ನೂ ಕತ್ತಲಲ್ಲಿ ಇಡಬೇಡಿ, ಹಗಲು-ರಾತ್ರಿ ತೋರಿಸಿ. ಕತ್ತಲಲ್ಲೇ ಬೆಳೆದ ಮರಿಯ ಜೀವಕೋಶಗಳಲ್ಲಿ ಗಡಿಯಾರ ಇದ್ದರೂ ಒಂದಕ್ಕೊಂದು ತಾಳೆ ಇರುವುದಿಲ್ಲ. ಬೆಳಕು ಕಂಡ ಮರಿಗಳು ಅತಿನೇರಳೆ ಕಿರಣದಿಂದ ಆಗುವ ಡಿಎನ್‌ಎ ಹಾನಿಯನ್ನು ರಿಪೇರಿ ಮಾಡುವ ಸಾಮಗ್ರಿಯನ್ನು ಮೊದಲೇ ತಯಾರಿಟ್ಟುಕೊಳ್ಳುತ್ತವೆ, ಕತ್ತಲಲ್ಲಿ ಬೆಳೆದವು ಆ ಕಿರಣಕ್ಕೆ ಜಾಸ್ತಿ ಸಾಯುತ್ತವೆ. ಜೀವಕೋಶ ಒಡೆದು ಎರಡಾಗುವುದಕ್ಕೂ ಹೊತ್ತಿದೆ: ಡಿಎನ್‌ಎ ನಕಲು ಸಂಜೆಯ ಕಡೆಗೆ, ವಿಭಜನೆ ರಾತ್ರಿಯ ಕೊನೆಗೆ.

ಔಷಧಿ, ಅರಿವಳಿಕೆ ಕೊಡುವಾಗ ಹೊತ್ತು ನೋಡಬೇಕಾ?

ನೋಡಿದರೆ ಒಳ್ಳೆಯದು. ಎಂಎಸ್-222 ಅನ್ನುವ ಅರಿವಳಿಕೆ ಜೀಬ್ರಾಫಿಶ್‌ಗೆ ರಾತ್ರಿಗಿಂತ ಹಗಲು ಹೆಚ್ಚು ವಿಷಕಾರಿ. ಡೋಸು ಒಂದೇ, ಹೊತ್ತು ಮಾತ್ರ ಬೇರೆ. ಪ್ರಯೋಗ ಮಾಡುವವರು ಎಷ್ಟು ಕೊಟ್ಟೆವು ಅಂತ ಬರೆದುಕೊಳ್ಳುವ ಹಾಗೆ ಯಾವ ಹೊತ್ತಿಗೆ ಕೊಟ್ಟೆವು, ಲೈಟು ಹತ್ತಿ ಎಷ್ಟು ಗಂಟೆಯಾಗಿತ್ತು ಅಂತಲೂ ಬರೆದಿಡಬೇಕು.

ಟೈಮರ್ ಕೆಟ್ಟು ಎರಡು ಮೂರು ದಿನ ಲೈಟು ಉರಿಯುತ್ತಲೇ ಇತ್ತು. ಈಗ ಏನು ಮಾಡಲಿ?

ಗಾಬರಿ ಬೇಡ. ಎಡೆಬಿಡದ ಬೆಳಕಿನಲ್ಲಿ ಜೀಬ್ರಾಫಿಶ್ ಜೀವಕೋಶದ ಗಡಿಯಾರ ನಿಂತೇಹೋಗುತ್ತದೆ, ಬೆಳಕಿಗೆ ಏರುವ ಆ ಕ್ರೈ ಪ್ರೋಟೀನು ಇಳಿಯದೆ ಹಾಗೇ ಇರುವುದರಿಂದ. ಕತ್ತಲು ಬಂದ ಕೂಡಲೇ ಮತ್ತೆ ಶುರುವಾಗುತ್ತದೆ. ಬೆಳಕಲ್ಲಿ ಜೀಬ್ರಾಫಿಶ್ ನಿದ್ದೆಯನ್ನೂ ಬಿಟ್ಟುಬಿಡುತ್ತದೆ, ಮತ್ತು ಆಮೇಲೆ ಆ ನಿದ್ದೆಯನ್ನು ತೀರಿಸಿಕೊಳ್ಳಲು ಜಾಸ್ತಿ ಮಲಗುವುದೂ ಇಲ್ಲ ಅಂತ ನೋಡಿದ್ದಾರೆ. ಹಾಗಾಗಿ 'ಪಾಪ, ನಿದ್ದೆ ಕೆಟ್ಟಿದೆ' ಅಂತ ಒಂದಿಡೀ ದಿನ ತೊಟ್ಟಿಗೆ ಬಟ್ಟೆ ಮುಚ್ಚಿ ಕತ್ತಲು ಮಾಡಬೇಡಿ. ಇವತ್ತು ಸಂಜೆ ಎಂದಿನ ಹೊತ್ತಿಗೆ ಲೈಟು ಆರಿಸಿ, ನಾಳೆ ಎಂದಿನ ಹೊತ್ತಿಗೆ ಹಾಕಿ. ಮೊದಲೆರಡು ದಿನ ತಿಂಡಿ ಸ್ವಲ್ಪ ಕಡಿಮೆ ಕೊಡಿ, ಆದರೆ ಹೊತ್ತು ತಪ್ಪಿಸಬೇಡಿ. ಗಾಜಿನ ಮೇಲೆ ಪಾಚಿ ಬಂದಿರುತ್ತದೆ, ಅದನ್ನು ಹಗಲು ಹೊತ್ತಲ್ಲೇ ಉಜ್ಜಿ.